ಖೆಡ್ಡಾದಿಂದ ಅಭಯಾರಣ್ಯಕ್ಕೆ

ಮೈಸೂರು ಸೀಮೆಯಲ್ಲಿ ಖೆಡ್ಡಾವನ್ನು ಯಶಸ್ವಿಯಾಗಿ ನಡೆಸಿದವನು ಸ್ಯಾಂಡರ್ಸನ್ ಎಂಬ ಆಂಗ್ಲ ಅಧಿಕಾರಿ. ಅದು 1874ರ ಮಾತು. ಕಾಡಾನೆಗಳ ಹಿಂಡನ್ನು ತಮಟೆ, ಬೆಂಕಿ, ಕೂಗುಗಳಿಂದ ಬೆದರಿಸಿ ದಿಮ್ಮಿಗಳ ಆವರಣದೊಳಕ್ಕೆ ಅಟ್ಟುವ ಉಪಾಯವದು. ಮುಂದೆ ಕಪಿಲೆಯ ದಡದ ಕಾಕನಕೋಟೆ ಈ ಕಾರ್ಯಕ್ಕೆ ಹೆಸರಾಯಿತು. ಆನೆಗಳು ಹೊಳೆ ಹಾಯುವ ನೋಟವನ್ನು ಕಾಣಲು ಅರಮನೆಯ ಅತಿಥಿಗಳು ದೂರದೇಶಗಳಿಂದ ಬಂದರು. ಆನೆಯ ಜಾಡು ಬಲ್ಲವರು ಮಾತ್ರ ಅಲ್ಲಿಯ ಕುರುಬರು. ಮಾಸ್ತಿಯವರು ‘ಕಾಕನಕೋಟೆ’ ನಾಟಕದಲ್ಲಿ ಚಿತ್ರಿಸಿದ್ದು ಈ ಕಾಡಿನ ಜನರನ್ನೇ.

ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಮರುವರ್ಷವೇ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದಿತು. ಕಬಿನಿ ಅಣೆಕಟ್ಟಿನ ನೀರು ಖೆಡ್ಡಾದ ನೆಲವನ್ನು ಮುಳುಗಿಸಿತು. ಸುತ್ತಲಿನ ಕಾಡು ನಾಗರಹೊಳೆಯ ರಕ್ಷಿತ ವನಕ್ಕೆ ಸೇರಿತು. ಒಮ್ಮೆ ಸೆರೆಸಿಕ್ಕಿ ಆನೆಗಳು ಘೀಳಿಟ್ಟ ಆ ತಾಣದ ಹಿನ್ನೀರಿನ ದಂಡೆಯಲ್ಲಿ ಈಗ ಬೇಸಿಗೆ ಬಂತೆಂದರೆ ಹಿಂಡುಹಿಂಡು ಆನೆಗಳು ನಿರ್ಭಯವಾಗಿ ಮೇಯುತ್ತವೆ. ಇದು ಸಾಮಾನ್ಯವಾದ ಗೆಲುವಲ್ಲ.

ಆದರೆ ಆನೆಗೆ ಅಭಯವಿತ್ತ ಕಾಡಿನಿಂದಲೇ ಜೇನುಕುರುಬರ ಎಷ್ಟೋ ಹಾಡಿಗಳು ತೆರವಾದವು. 2006ರ ಅರಣ್ಯ ಹಕ್ಕು ಕಾಯಿದೆ ಅವರ ಹಕ್ಕನ್ನು ಮನ್ನಿಸಿದ ಮೇಲೂ ಅನೇಕರ ಅರ್ಜಿಗಳು ವರ್ಷಗಟ್ಟಲೆ ಇತ್ಯರ್ಥವಾಗದೆ ಉಳಿದವು. ವನ್ಯಮೃಗ ಸಂರಕ್ಷಣೆಯ ಚರಿತ್ರೆಯನ್ನು ಬರೆಯುವವರು ಆನೆಗಳ ಲೆಕ್ಕದೊಡನೆ ಈ ಹಾಡಿಗಳ ಲೆಕ್ಕವನ್ನೂ ಬರೆದಿಡಬೇಕೆಂಬುದು ನನ್ನ ನಮ್ರ ಅಭಿಪ್ರಾಯ.