ಮಣ್ಣಿನ ಬಂಡಿ

ಅರಸರ ಯುದ್ಧಗಳಿಗೂ ದೇವಾಲಯಗಳ ಶಾಸನಗಳಿಗೂ ಸಲ್ಲುವ ಇತಿಹಾಸವೆಂಬ ಹೆಸರು ಮಕ್ಕಳ ಆಟಿಕೆಗಳಿಗೂ ಸಲ್ಲುವುದೇ ಎಂದು ವಾಚಕರಲ್ಲಿ ಕೆಲವರು ಶಂಕಿಸಬಹುದು. ಈ ಶಂಕೆಗೆ ಭೂಮಿಯೇ ಸಮಾಧಾನವನ್ನು ಹೇಳಿದೆ. 1921ರಲ್ಲಿ ಹರಪ್ಪದಲ್ಲಿಯೂ 1922ರಲ್ಲಿ ಮೊಹೆಂಜೊದಾರೊವಿನಲ್ಲಿಯೂ ಅಗೆತವು ಆರಂಭವಾದ ಬಳಿಕ, ಮುದ್ರೆಗಳೊಡನೆ ಸುಟ್ಟ ಮಣ್ಣಿನ ಪುಟ್ಟ ಬಂಡಿಗಳೂ, ಹಕ್ಕಿಯಾಕಾರದ ಪೀಪಿಗಳೂ, ತಲೆಯಲ್ಲಾಡಿಸುವ ಎತ್ತುಗಳೂ ದೊರೆತುವು. ಆ ಮುದ್ರೆಗಳ ಲಿಪಿಯನ್ನು ಸರ್ವಸಮ್ಮತವಾಗಿ ಓದಿದವರು ಇಂದಿಗೂ ಇಲ್ಲ. ಆ ಬಂಡಿಯು ಏತಕ್ಕೆಂಬುದನ್ನಾದರೋ ಯಾವ ಮಗುವಾದರೂ ಅರಿಯಬಲ್ಲುದು.

ಸಂಸ್ಕೃತ ವಾಙ್ಮಯದಲ್ಲಿಯೂ ಬಾಲಕ್ರೀಡೆಯ ಸಾಮಗ್ರಿಯು ಬಹುಮಟ್ಟಿಗೆ ಬಯಲಿನಿಂದ ಬಂದುದೇ. ಮಹಾಭಾರತದ ಆದಿಪರ್ವದಲ್ಲಿ ಕುರುಕುಮಾರರು ಊರ ಹೊರಗೆ ಆಡುತ್ತಿರಲು ಅವರ ‘ವೀಟಾ’ ಬಾವಿಗೆ ಬಿದ್ದಿತು. ದ್ರೋಣನು ಹಿಡಿ ಹುಲ್ಲನ್ನು ಮಂತ್ರಿಸಿ, ಕಡ್ಡಿಗೆ ಕಡ್ಡಿಯನ್ನು ಚುಚ್ಚಿ ಅದನ್ನು ಮೇಲಕ್ಕೆತ್ತಿದನು. ವೀಟಾ ಎಂಬುದು ದಂಡದಿಂದ ಚಿಮ್ಮಿಸುವ ಗೇಣುದ್ದದ ಮರದ ತುಂಡೆಂದು ವ್ಯಾಖ್ಯಾನಕಾರನಾದ ನೀಲಕಂಠನ ವಿವರಣೆ. ನಮ್ಮ ಚಿಣ್ಣಿಕೋಲು ಇದೇ ಅಲ್ಲವೆ? ಕಾಳಿದಾಸನ ಪಾರ್ವತಿಯು ಗಿರಿರಾಜನ ಮಗಳಾದರೂ ಮಂದಾಕಿನಿಯ ಮರಳಿನಲ್ಲಿ ಜಗಲಿಗಳನ್ನು ಕಟ್ಟಿ ಆಡುವಳು. ಶಾಕುಂತಲದ ಏಳನೆಯ ಅಂಕದಲ್ಲಿ ಸಿಂಹದ ಮರಿಯನ್ನು ಹಿಡಿದೆಳೆಯುವ ಸರ್ವದಮನನಿಗೆ ತಾಪಸಿಯು ತಂದುಕೊಡುವುದು ಬಣ್ಣ ಬಳಿದ ಮಣ್ಣಿನ ನವಿಲನ್ನು. ಹಕ್ಕಿಯ ಚೆಲುವನ್ನು ನೋಡೆಂಬ ಅವಳ ಮಾತಿನಲ್ಲಿ ತಾಯಿಯ ಹೆಸರೇ ಮಗುವಿಗೆ ಕೇಳಿಸುವುದು. ಪಕ್ಕದಲ್ಲಿದ್ದ ದುಷ್ಯಂತನ ಆಸೆಯು ಚಿಗುರುವುದು.

ಆದರೆ ಆಟಿಕೆಯ ವಿಷಯದಲ್ಲಿ ಹಿರಿಯರು ವಿಚಾರಿಸಬೇಕಾದುದನ್ನು ಶೂದ್ರಕನ ಮೃಚ್ಛಕಟಿಕದಷ್ಟು ಸ್ಪಷ್ಟವಾಗಿ ಹೇಳುವ ಕೃತಿಯು ವಿರಳ. ದಾನದಿಂದ ಬಡವನಾದ ಚಾರುದತ್ತನ ಮಗನು ರೋಹಸೇನ. ಅವನು ನೆರೆಮನೆಯ ಬಾಲಕನ ಚಿನ್ನದ ಬಂಡಿಯೊಡನೆ ಆಡಿದನು. ಬಂಡಿಯು ತನ್ನ ಮನೆಗೆ ಮರಳಿತು. ದಾಸಿಯಾದ ರದನಿಕೆಯು ಮಣ್ಣಿನ ಬಂಡಿಯೊಂದನ್ನು ಮಾಡಿಕೊಟ್ಟರೆ ಅವನು ಅದನ್ನೊಲ್ಲದೆ ಅತ್ತನು. ಕನಿಕರಗೊಂಡ ವಸಂತಸೇನೆಯು ಮೈಮೇಲಿನ ಒಡವೆಗಳನ್ನು ತೆಗೆದು ಆ ಮಣ್ಣಿನ ಬಂಡಿಯಲ್ಲಿ ತುಂಬಿ, ಚಿನ್ನದ್ದನ್ನು ಮಾಡಿಸಿಕೊ ಎಂದಳು. ಅವಳನ್ನು ಕೊಂದನೆಂಬ ಸುಳ್ಳು ಅಪವಾದವು ಚಾರುದತ್ತನ ಮೇಲೆ ಬಂದಾಗ, ಮರಳಿ ಕೊಡುವುದಕ್ಕೆಂದು ಮೈತ್ರೇಯನು ಒಯ್ಯುತ್ತಿದ್ದ ಅವೇ ಒಡವೆಗಳು ನ್ಯಾಯಸಭೆಯಲ್ಲಿ ಜಾರಿ ಬಿದ್ದು ಸಾಕ್ಷಿಯಾದುವು. ಕರುಣೆಯಿಂದ ಕೊಟ್ಟ ಚಿನ್ನವೇ ತಂದೆಯನ್ನು ವಧ್ಯಸ್ಥಾನದವರೆಗೆ ಒಯ್ದಿತು. ವಸಂತಸೇನೆಯು ಜೀವಂತಳಾಗಿ ಬಂದುದರಿಂದ ಅವನು ಉಳಿದನು. ಕವಿಯು ನಾಟಕಕ್ಕಿಟ್ಟ ಹೆಸರಾದರೋ ಮಣ್ಣಿನ ಬಂಡಿಯದು.

ಕನ್ನಡನಾಡಿನಲ್ಲಿ ಈ ಮಣ್ಣಿನ ನಂಟು ಹಬ್ಬವಾಗಿಯೂ ಉಳಿದಿದೆ. ಉತ್ತರ ಕರ್ನಾಟಕದಲ್ಲಿ ಜ್ಯೇಷ್ಠ ಮಾಸದ ಅಮಾವಾಸ್ಯೆಯಂದು ಮಣ್ಣೆತ್ತುಗಳನ್ನು ಮಾಡಿ ಪೂಜಿಸುವರು. ಹಿರಿಯರ ಪಕ್ಕದಲ್ಲಿ ಕುಳಿತ ಮಗುವು ತನ್ನದೊಂದು ಸೊಟ್ಟ ಕೊಂಬಿನ ಎತ್ತನ್ನು ತಿದ್ದುವುದು. ಮಲೆನಾಡಿನಲ್ಲಿ ಉದುರಿದ ಅಡಕೆಯ ಹಾಳೆಯೇ ಬಂಡಿ: ಒಬ್ಬನು ಕೂರುವನು, ಇನ್ನೊಬ್ಬನು ಎಳೆಯುವನು. ತೆಂಗಿನ ಗರಿಯಿಂದ ಪೀಪಿಯೂ ಗಿರಗಿಟ್ಲೆಯೂ ಆಗುವುವು. ಹುಣಿಸೆಯ ಬೀಜವೂ ಗಜ್ಜುಗವೂ ಎಣಿಕೆಯನ್ನು ಕಲಿಸುವುವು. ಇವು ಮುರಿದರೆ ಅಳುವವರಿಲ್ಲ. ಮರದ ಬುಡದಲ್ಲಿ ಇನ್ನೊಂದು ಬಿದ್ದಿರುತ್ತದೆ.

ಇಂದು ಅಂಗಳಗಳು ಸಿಮೆಂಟಿನಿಂದ ಮುಚ್ಚಿವೆ. ಮಣ್ಣು ಮುಟ್ಟಿದ ಮಗುವನ್ನು ಗದರಿಸಿ ಒಳಗೆ ಕರೆದು ಅಂಗಡಿಯ ಪ್ಲಾಸ್ಟಿಕ್ ಬಂಡಿಯನ್ನು ಕೈಗಿಡುವರು. ಮರುದಿನವೇ ಮಗುವು ನೆರೆಮನೆಯ ದೊಡ್ಡ ಬಂಡಿಗಾಗಿ ಅಳುವುದು. ರೋಹಸೇನನ ಅಳು ಬಂಡಿಯ ಕೊರತೆಯಿಂದ ಹುಟ್ಟಿದುದಲ್ಲ, ಹೋಲಿಕೆಯಿಂದ ಹುಟ್ಟಿದುದು. ಇಲ್ಲಿ ಗಮನಿಸತಕ್ಕ ಅಂಶವೊಂದುಂಟು. ಆ ಮಣ್ಣಿನ ಬಂಡಿಯನ್ನು ಮಾಡಿದವಳು ರದನಿಕೆ; ಬಾಲಕನ ಕೈಗೆ ಮಣ್ಣು ಸೋಕಿರಲಿಲ್ಲ. ಅವಳು ಬಂಡಿಗೆ ಬದಲಾಗಿ ಹಸಿಮಣ್ಣಿನ ಮುದ್ದೆಯನ್ನೇ ಅವನ ಮುಂದಿಟ್ಟು, ಗಾಲಿಗಳನ್ನು ನೀನೇ ಮಾಡೆಂದಿದ್ದರೆ ಅವನು ಅಷ್ಟು ಅಳುತ್ತಿದ್ದನೆ?