ನೀಲಗಿರಿ ಎಣ್ಣೆ: ಮೂಲಿಕೆ ಮದ್ದೇ ಬೇರೆ, ಹೋಮಿಯೋಪತಿಯೇ ಬೇರೆ

ಉದಕಮಂಡಲದಲ್ಲಿ ನೆಗಡಿಯಾದರೆ ಮೊದಲು ನೆನಪಾಗುವುದು ನೀಲಗಿರಿ ಎಣ್ಣೆ. ಆಸ್ಟ್ರೇಲಿಯಾ ಮೂಲದ ಈ ಮರ ಜಿಲ್ಲೆಗೆ ಬಂದದ್ದು 1843ರ ಸುಮಾರಿಗೆ. ಎಲೆಯಿಂದ ಭಟ್ಟಿ ಇಳಿಸಿದ ಎಣ್ಣೆಯನ್ನು ಮೂಸಲು, ತೆಂಗಿನೆಣ್ಣೆಯಲ್ಲಿ ಬೆರೆಸಿ ದೊಡ್ಡವರ ಮೈಗೆ ಹಚ್ಚಲು ಬಳಸುತ್ತಾರೆ. ಕುಡಿಯಬಾರದು, ಒಂದು ಚಮಚ ಹೊಟ್ಟೆಗೆ ಹೋದರೂ ಮಗುವಿನ ಜೀವಕ್ಕೆ ಅಪಾಯ.

ಹೋಮಿಯೋಪತಿಯಲ್ಲೂ ಇದೇ ಮರದ ಎಲೆ ಬಳಕೆಯಲ್ಲಿದೆ. ಎಲೆಯ ಸಾರವಿರುವ ಮದರ್ ಟಿಂಚರಿಗೆ 'ಕ್ಯೂ' ಗುರುತು. ಅದರ 1 ಪಾಲನ್ನು 99 ಪಾಲು ಮದ್ಯಸಾರದಲ್ಲಿ ಕುಲುಕಿ, ಹೀಗೆ 30 ಸಲ ಮಾಡಿದರೆ '30ಸಿ'. ಅದರಲ್ಲಿ ಎಲೆಯ ಅಂಶ ಉಳಿದಿರುವುದಿಲ್ಲ. ಅದು ರೋಗ ಗುಣಪಡಿಸುತ್ತದೆಂದು ವಿಜ್ಞಾನದಲ್ಲಿ ಸಾಬೀತಾಗಿಲ್ಲ.

ಆದ್ದರಿಂದ ಕೊಳ್ಳುವಾಗ ಬಾಟಲಿಯ ಗುರುತು ಓದಬೇಕು. ಉಸಿರಾಟ ಕಷ್ಟವಾದರೆ ಎರಡನ್ನೂ ನೆಚ್ಚದೆ ಆಸ್ಪತ್ರೆಗೆ ಹೋಗಬೇಕು.