ಕಲ್ಯಾಣದ ಅರಮನೆ, ಮಾಂಜ್ರಾ ದಂಡೆಯ ಖಾನಾವಳಿ

ನಮ್ಮ ಉಮರ್ಗಾ, ನಿಲಂಗಾ, ಉದಗೀರ ಸೀಮೆಗೆ ಸಮುದ್ರ ಬಲು ದೂರ. ಆದರೂ ಮೀನೂಟ ಇಲ್ಲಿಗೆ ಹೊಸದಲ್ಲ. ಉಮರ್ಗಾದಿಂದ ಹೈದರಾಬಾದಿನ ಹೆದ್ದಾರಿ ಹಿಡಿದು ಗಡಿ ದಾಟಿದರೆ ಬಸವಕಲ್ಯಾಣ ಸಮೀಪವೇ. ಕಲ್ಯಾಣ ಚಾಲುಕ್ಯರ ಆ ರಾಜಧಾನಿಯಿಂದ ಆಳಿದ ಮೂರನೆಯ ಸೋಮೇಶ್ವರನು 1130ರ ಸುಮಾರಿಗೆ ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ವನ್ನು ರಚಿಸಿದನು. ಅದರಲ್ಲಿ ಮತ್ಸ್ಯವಿನೋದವೆಂಬ ಪ್ರಕರಣವೇ ಇದೆ. ಸುಮಾರು 35 ಬಗೆಯ ಮೀನುಗಳಲ್ಲಿ ಕಡಲಿನವು ಯಾವುವು, ಹೊಳೆಯವು ಯಾವುವು, ಯಾವುದಕ್ಕೆ ಎಂಥ ಮೇವು ಹಾಕಬೇಕು ಎಂಬುದನ್ನೆಲ್ಲ ಅರಸನು ಬರೆದಿದ್ದಾನೆ. ಅಡುಗೆಯ ಭಾಗದಲ್ಲಿ ಮೀನಿನ ತುಂಡುಗಳನ್ನು ಹುಣಿಸೆಯ ರಸದಲ್ಲಿ ಬೇಯಿಸಿ, ಗೋಧಿಹಿಟ್ಟು ಉದುರಿಸಿ, ಎಣ್ಣೆಯಲ್ಲಿ ಕೆಂಪಗೆ ಕರಿಯುವ ಕ್ರಮವಿದೆ. ಖಾರಕ್ಕೆ ಕರಿಮೆಣಸು, ಮೆಣಸಿನಕಾಯಿ ಪೋರ್ಚುಗೀಸರೊಡನೆ ಬಂದದ್ದು ನಾಲ್ಕು ಶತಮಾನಗಳ ತರುವಾಯ.

ಪರೀಕ್ಷೆಯ ಕೆಲಸಕ್ಕೆ ಉದಗೀರಕ್ಕೆ ಹೋಗುವಾಗ ನಾವು ಶಿಕ್ಷಕರು ನಿಲಂಗಾ ದಾರಿಯ ಒಂದು ಖಾನಾವಳಿಯಲ್ಲಿ ಉಣ್ಣುತ್ತಿದ್ದೆವು. ತಗಡಿನ ಮಾಡು, ಎರಡು ಹಲಗೆ, ಹೆಸರಿನ ಫಲಕವೂ ಇಲ್ಲ. ಬೆಳಿಗ್ಗೆ ಮಾಂಜ್ರಾದಲ್ಲಿ ಸಿಕ್ಕಿದ ಮೀನು ಮಧ್ಯಾಹ್ನ ಹುಣಿಸೆಹುಳಿಯ ಸಾರಾಗಿ ಜೋಳದ ರೊಟ್ಟಿಯೊಡನೆ ಬರುತ್ತಿತ್ತು. ನಮ್ಮಲ್ಲಿ ಮೀನು ಮುಟ್ಟದವರಿಗೆ ಪುಂಡಿಪಲ್ಯ, ಶೇಂಗಾ ಹಿಂಡಿ. ಅರಸನ ಹುಣಿಸೆ ಆ ಬಡ ಒಲೆಯ ಮೇಲೂ ಕುದಿಯುತ್ತಿತ್ತೆಂಬುದು ನಮಗೆ ತಿಳಿದದ್ದು ನಿವೃತ್ತಿಯ ಬಳಿಕ, ಪುಸ್ತಕ ಓದಿದ ಮೇಲೆ.

ಉದಗೀರ, ನಿಲಂಗಾ ತಾಲೂಕುಗಳು 1956ರವರೆಗೆ ಬೀದರ ಜಿಲ್ಲೆಯವು. ನಿಜಾಮರ ಕಾಲದಲ್ಲಿ ಕಚೇರಿಯ ಭಾಷೆ ಉರ್ದು. ರಾಜ್ಯ ಪುನರ್ವಿಂಗಡಣೆಯ ನಂತರ ಮರಾಠಿ. ಕನ್ನಡಕ್ಕೆ ಉಳಿದದ್ದು ಮನೆ, ಮಠ, ಸಂತೆ ಮತ್ತು ಇಂಥ ಊಟದ ಪಂಕ್ತಿ. ‘ಖಾನಾವಳಿ’ ಎಂಬ ಮಾತೂ ಮರಾಠಿಯಿಂದ ಬಂದದ್ದೇ. ಅದಕ್ಕಾಗಿ ನಾವು ನಾಚಬೇಕಿಲ್ಲ. ನೆರೆಮನೆಯಿಂದ ತಂದ ಪಾತ್ರೆಯಲ್ಲಿ ನಮ್ಮ ಸಾರೂ ಕುದಿಯುತ್ತದೆ.

ಆ ಖಾನಾವಳಿಯ ಅವ್ವ ನಮ್ಮ ಧೋತರ, ಟೋಪಿ ಕಂಡು ಮೊದಲು ಮರಾಠಿಯಲ್ಲೇ ವಿಚಾರಿಸುತ್ತಿದ್ದರು. ನಮ್ಮೊಳಗಿನ ಮಾತು ಕಿವಿಗೆ ಬಿದ್ದೊಡನೆ, “ಬಿಸಿ ರೊಟ್ಟಿ ಅದರಿ ಮಾಸ್ತರ್, ಇನ್ನೊಂದು ಹಾಕ್ಲಿ?” ಎನ್ನುತ್ತಿದ್ದರು. ಆ ರೊಟ್ಟಿಯನ್ನು ಬೇಡವೆಂದವರು ನಮ್ಮಲ್ಲಿ ಯಾರೂ ಇರಲಿಲ್ಲ.

ಕಳೆದ ವರ್ಷ ಹೋದಾಗ ಒಲೆಯ ಬಳಿ ಅವರ ಸೊಸೆ ಇದ್ದರು. ಸಾರಿನ ರುಚಿ ಅದೇ. ನಾವು ಕನ್ನಡದಲ್ಲಿ ಕೇಳಿದೆವು. ಅವರು ಕನ್ನಡದಲ್ಲೇ ಉತ್ತರಿಸಿದರು. ತಟ್ಟೆ ತಂದ ಹುಡುಗ ಮಾತ್ರ ಅರ್ಥವಾಗದೆ ತಾಯಿಯ ಮುಖ ನೋಡಿದ. ತಾಯಿ ಮರಾಠಿಯಲ್ಲಿ ತಿಳಿಸಿ ಹೇಳಿದರು.